ಹೊಸಪೇಟೆಯ ಬಿಸಿಲಲ್ಲಿ ಕಡಲಿನ ತೊಟ್ಟಿ

ಹೊಸಪೇಟೆಯಿಂದ ಕಾರವಾರದ ಕಡಲು ಸುಮಾರು 300 ಕಿಲೋಮೀಟರ್ ದೂರ. ಇಂಥ ಊರಿನ ಮನೆಯೊಂದರಲ್ಲಿ ಕಡಲ ಮೀನು ಸಾಕುತ್ತೇವೆಂದರೆ, ಉಪ್ಪುನೀರು ಎಲ್ಲಿಂದ ತರುತ್ತೀರಿ ಎಂದೇ ಎಲ್ಲರೂ ಮೊದಲು ಕೇಳುತ್ತಾರೆ. ಆದರೆ ಅದು ಸುಲಭದ ಕೆಲಸ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. 200 ಲೀಟರ್ ತೊಟ್ಟಿಗೆ 7 ಕಿಲೋ ಸಾಕು. ಅಡುಗೆ ಉಪ್ಪು ಮಾತ್ರ ನಡೆಯದು. ಕಡಲ ಲವಣದಲ್ಲಿ ಸೋಡಿಯಂ, ಕ್ಲೋರೈಡ್ ಎರಡೂ ಸೇರಿ ಶೇ 85ರಷ್ಟು; ಉಳಿದದ್ದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇತ್ಯಾದಿ. ಆ ಮಿಶ್ರಣ ಪುಡಿಯಾಗಿಯೇ ಮಾರಾಟಕ್ಕೆ ಸಿಗುತ್ತದೆ. ಬೆರೆಸಲು ಶೋಧಿಸಿದ ಆರ್‌ಓ ನೀರು ಬೇಕು. ಹೊಲಗಳ ಗೊಬ್ಬರದ ಅಂಶ ಹೊತ್ತ ಕಾಲುವೆ ನೀರು ಹಾಕಿದರೆ ಕೆಲವೇ ದಿನಗಳಲ್ಲಿ ಗಾಜಿಗೆ ಪಾಚಿ ಹಿಡಿಯುತ್ತದೆ. ಮನೆಗೆ ತರಲು ನಿಜಕ್ಕೂ ಕಷ್ಟವಾದದ್ದು ಕಡಲಿನ ನಿಧಾನ. ಅಷ್ಟು ದೊಡ್ಡ ಜಲರಾಶಿ ಒಂದು ದಿನದಲ್ಲಿ ಕಾಯುವುದೂ ಇಲ್ಲ, ತಣಿಯುವುದೂ ಇಲ್ಲ. ಅಲ್ಲಿನ ಜೀವಿಗಳು ಆ ಸ್ಥಿರತೆಯನ್ನೇ ನಂಬಿ ಬದುಕುತ್ತವೆ. 200 ಲೀಟರ್ ನೀರಿಗೆ ಆ ಸಾವಧಾನವಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಪಾದರಸ 40 ಡಿಗ್ರಿ ಮುಟ್ಟುತ್ತದೆ. ತೊಟ್ಟಿಯ ನೀರು 25-26ರ ಆಸುಪಾಸಿನಲ್ಲಿರಬೇಕು. ಸಿಹಿನೀರಿಗೆ ಹೋಲಿಸಿದರೆ ಉಪ್ಪುನೀರಿನಲ್ಲಿ ಆಮ್ಲಜನಕ ಐದನೇ ಒಂದು ಪಾಲು ಕಡಿಮೆ ಕರಗುತ್ತದೆ. ಬಿಸಿಯೇರಿದಂತೆ ಅದೂ ಇಳಿಯುತ್ತದೆ. ಹಾಗಾದರೆ ಈ ಬಯಲುಸೀಮೆಯಲ್ಲಿ ಇದು ಆಗದ ಕೆಲಸವೇ? ಹಾಗೇನಿಲ್ಲ. ಹರವಿಯ ನೀರು ತಣ್ಣಗಾಗುವುದು ಅದರ ಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಒಯ್ಯುವುದರಿಂದ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಹೋಗುತ್ತದೆ. ಹೊರಗಿನ ಕಾವು ಒಳಬರದಿದ್ದರೆ ಅಷ್ಟರಿಂದಲೇ 200 ಲೀಟರ್ ನೀರು ಹತ್ತಿರ ಹತ್ತಿರ 3 ಡಿಗ್ರಿ ತಣಿದೀತು. ಬೇಸಿಗೆಯ ಒಣಗಾಳಿಯಲ್ಲಿ ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನ್ ಮಂಗಳೂರಿನ ಜಿಗುಟು ಸೆಕೆಗಿಂತ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ತೀರಾ ಉರಿಬಿಸಿಲಿಗೆ ಮಾತ್ರ ನೀರು ತಣಿಸುವ ಚಿಲ್ಲರ್ ಯಂತ್ರ ಬೇಕು. ಆದರೆ ಈ ಉಪಾಯಕ್ಕೂ ಬೆಲೆಯಿದೆ: ಆವಿಯಾಗುವುದು ನೀರು, ಉಪ್ಪಲ್ಲ. ದಿನಕ್ಕೆ 3 ಲೀಟರ್‌ನಂತೆ ಐದು ದಿನ ಇಳಿಯಲು ಬಿಟ್ಟರೆ 185 ಲೀಟರ್ ಉಳಿದು, ಲೀಟರಿಗೆ 35 ಗ್ರಾಂ ಇದ್ದ ಲವಣ 38ಕ್ಕೆ ಹತ್ತಿರವಾಗುತ್ತದೆ. ಗಾಜಿನ ಮೇಲೆ ಗೀಟು ಎಳೆದಿಟ್ಟು, ನೀರು ಅದಕ್ಕಿಂತ ಕೆಳಗಿಳಿದಷ್ಟನ್ನು ದಿನವೂ ಸಿಹಿನೀರಿನಿಂದಲೇ ತುಂಬಬೇಕು. ಉಪ್ಪುನೀರು ಸುರಿದರೆ ಲವಣ ದಿನದಿಂದ ದಿನಕ್ಕೆ ಏರುತ್ತಲೇ ಹೋಗುತ್ತದೆ. ಆಮ್ಲಜನಕ ಮೊದಲೇ ಕಡಿಮೆಯಾದ್ದರಿಂದ, ಕರೆಂಟು ಹೋದಾಗ ಬ್ಯಾಟರಿಯ ಗಾಳಿ ಪಂಪ್ ಇರಲೇಬೇಕು.

ಇನ್ನೊಂದು ಸ್ಥಿರತೆ ಕಣ್ಣಿಗೆ ಕಾಣದ್ದು. ಮೀನಿನ ಹೊಲಸು ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್. ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡಬಾರದು. ಹೊಸ ತೊಟ್ಟಿಗಳಲ್ಲಿ ಮೀನು ಸಾಯುವುದು ಹೆಚ್ಚಾಗಿ ಈ ಅವಸರದಿಂದಲೇ. ಅಲಂಕಾರಕ್ಕೆ ಹಂಪಿ ಕಡೆಯ ಬಂಡೆ ಚೂರು ಇಟ್ಟರಾಗದೇ? ಆ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು, ಗಟ್ಟಿ, ರಂಧ್ರಗಳೇ ಇಲ್ಲದ್ದು. ಬ್ಯಾಕ್ಟೀರಿಯಾಕ್ಕೆ ಅದರ ಹೊರಮೈಯಷ್ಟೇ ಜಾಗ. ಹವಳದ ದಿಬ್ಬದಂಥ ಸುಣ್ಣಕಲ್ಲು ಒಳಗೆಲ್ಲ ಗೂಡುಗೂಡು. ಅದರ ಆಳದಲ್ಲಿ ಆಮ್ಲಜನಕ ಸಿಗದೆಡೆ ನೈಟ್ರೇಟನ್ನೂ ಸಾರಜನಕ ಅನಿಲವಾಗಿ ಬಿಡಿಸುವ ಬ್ಯಾಕ್ಟೀರಿಯಾ ಬದುಕುತ್ತದೆ. ಸಂಡೂರಿನ ಕಬ್ಬಿಣದ ಅದಿರಿನ ಕಲ್ಲಂತೂ ಬೇಡ. ಕಬ್ಬಿಣ ಪಾಚಿಗೆ ಪೋಷಕ.

ಹವಳವೇ ಇಲ್ಲದೆ ಕಡಲಿನ ತೊಟ್ಟಿ ಎಂಥದು ಎಂದು ಕೇಳುವವರಿದ್ದಾರೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ಮುರುಡೇಶ್ವರದೆದುರಿನ ನೇತ್ರಾಣಿಯಿಂದ ಒಂದು ತುಣುಕು ತಂದರೂ ಅಪರಾಧ. ಕಾನೂನನ್ನು ಬದಿಗಿಟ್ಟು ನೋಡಿದರೂ ಈ ನಿಷೇಧ ಸರಿಯಾದದ್ದೇ. 1998, 2010, 2016, 2024ರಲ್ಲಿ ಲಕ್ಷದ್ವೀಪದ ಹವಳಗಳು ಬಿಸಿಗೆ ಬಿಳಿಚಿದವು. ವಾಡಿಕೆಯ ಬೇಸಿಗೆಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು, ಹವಳ ತನಗೆ ಅನ್ನ ಕೊಡುವ ಪಾಚಿಯನ್ನೇ ಹೊರಹಾಕುತ್ತದೆ. ತೊಟ್ಟಿಗೆ ಬೇಕಾದ ಕ್ಲೌನ್ ಮೀನುಗಳನ್ನಾದರೋ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ಕಡಲಿಂದ ಹಿಡಿದದ್ದಕ್ಕಿಂತ ತೊಟ್ಟಿಯಲ್ಲಿ ಹುಟ್ಟಿದ ಮರಿ ಇಲ್ಲಿನ ಬದುಕಿಗೆ ಬೇಗ ಒಗ್ಗುತ್ತದೆ. ಸುಣ್ಣಕಲ್ಲು, ಬ್ಯಾಕ್ಟೀರಿಯಾ, ಒಂದು ಜೋಡಿ ಕ್ಲೌನ್ ಮೀನು ಇದ್ದರೂ ದಿಬ್ಬದ ಅರ್ಧ ಬದುಕು ಕಣ್ಣೆದುರಿಗಿರುತ್ತದೆ. ವಾರಕ್ಕೊಮ್ಮೆ 20 ಲೀಟರ್ ನೀರು ಬದಲಿಸಿದಾಗ 700 ಗ್ರಾಂ ಉಪ್ಪು ಹೊರಬರುತ್ತದೆ. ಸವುಳು ಹಿಡಿದ ಹೊಲಗಳ ಚಿಂತೆ ಕಂಪ್ಲಿಯ ಕಾಲುವೆ ಬಯಲಿಗೆ ಈಗಾಗಲೇ ಇದೆ. ತೊಟ್ಟಿಯಿಂದ ತೆಗೆದ ಆ ನೀರು ಗದ್ದೆಯ ಬದುವಿಗಾಗಲಿ ಹಿತ್ತಲ ಗಿಡಕ್ಕಾಗಲಿ ಬೀಳದೆ ಬಚ್ಚಲ ಮೋರಿಗೇ ಹೋಗಬೇಕು.