ವ್ಯತ್ಯಾಸವಿದೆ, ಆದರೆ ಎಷ್ಟು?

ಲಕ್ಷ್ಮೇಶ್ವರ ತಾಲ್ಲೂಕಿನ ಬಾಳೆಹೊಸೂರಿನಂಥ ಊರುಗಳಲ್ಲಿ ಹೆಸರುಕಾಳಿನ ಹೊಸ ತಳಿಯೊಂದು ಹಳೆಯದಕ್ಕಿಂತ ಗಣನೀಯವಾಗಿ ಹೆಚ್ಚು ಇಳುವರಿ ಕೊಟ್ಟಿತೆಂದು ಪ್ರಯೋಗದ ವರದಿಯೊಂದು ಹೇಳಿದರೆ, ಆ ಮಾತಿನಿಂದ ರೈತನಿಗೆ ತಿಳಿಯುವುದು ಅರ್ಧ ಸಂಗತಿ ಮಾತ್ರ. ಎರಡು ತಳಿಗಳಲ್ಲಿ ನಿಜವಾಗಿ ಯಾವ ಭೇದವೂ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕೂ ಹೆಚ್ಚಿನ ಅಂತರ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವವನ್ನು ಪಿ-ಮೌಲ್ಯ ಎನ್ನುತ್ತಾರೆ; ಅದು 0.05ಕ್ಕಿಂತ ಕಡಿಮೆಯಾದರೆ ವ್ಯತ್ಯಾಸವನ್ನು ಗಣನೀಯವೆಂದು ಕರೆಯುವುದು ರೂಢಿ. ಆ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ಹೇಳುವ ಅಳತೆಯೇ ಬೇರೆ. ಅದು ಪರಿಣಾಮದ ಗಾತ್ರ.

ಹೊಸ ತಳಿ ಎಕರೆಗೆ ಸರಾಸರಿ 20 ಕಿಲೋ ಹೆಚ್ಚು ಕೊಟ್ಟಿತೆಂದೂ, ಇಳುವರಿ ಹೊಲದಿಂದ ಹೊಲಕ್ಕೆ ಏರಿಳಿಯುವ ಪ್ರಮಾಣ, ಅಂದರೆ ಮಾನಕ ವಿಚಲನೆ, 100 ಕಿಲೋ ಎಂದೂ ಕಲ್ಪಿಸಿಕೊಂಡರೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ 0.2 ಎಂಬ ಗಾತ್ರ ಸಿಗುತ್ತದೆ. ತಳಿಗೆ 20 ಹೊಲಗಳಂತೆ ಬಿತ್ತಿ ನೋಡಿದಾಗ ಈ ಅಂತರ ಗಣನೀಯವೆನಿಸುವುದಿಲ್ಲ. 1,000 ಹೊಲಗಳಂತೆ ಬಿತ್ತಿದರೆ ಸಂದೇಹಕ್ಕೆ ಎಡೆಯಿಲ್ಲದಷ್ಟು ಗಣನೀಯವಾಗುತ್ತದೆ. ಬದಲಾದದ್ದು ಹೊಲಗಳ ಸಂಖ್ಯೆಯೇ ಹೊರತು ತಳಿಯ ಗುಣವಲ್ಲ. ಮನಬಂದಂತೆ ಒಂದು ಹೊಸ ತಳಿಯ ಹೊಲವನ್ನೂ ಒಂದು ಹಳೆಯ ತಳಿಯ ಹೊಲವನ್ನೂ ಜೋಡಿಸುತ್ತ ಹೋದರೆ, ನೂರಕ್ಕೆ ಸುಮಾರು 56 ಜೋಡಿಗಳಲ್ಲಿ ಹೊಸದು ಮೇಲಾಗಿ, ಉಳಿದ 44ರಲ್ಲಿ ಹಳೆಯದೇ ಗೆಲ್ಲುತ್ತದೆ.

ಅಂತರವನ್ನು ಏರಿಳಿತದ ಮಾನದಲ್ಲಿ ಅಳೆಯುವ ಈ ವಿಚಾರದ ಇತಿಹಾಸದಲ್ಲಿ ಇದೇ ಸೀಮೆಗೆ ಸಮೀಪದ ಹೆಸರೊಂದಿದೆ. ಮೊದಲು, ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಅವರು ಎರಡು ಸಮೂಹಗಳ ನಡುವಿನ ದೂರವನ್ನು ಹಲವು ಅಳತೆಗಳಿಂದ ಒಟ್ಟಾಗಿ ಲೆಕ್ಕಹಾಕುವ ಸೂತ್ರವನ್ನು 1936ರಲ್ಲಿ ಪ್ರಕಟಿಸಿದರು. ಮುಂಡರಗಿಯ ಆಚೆ, ತುಂಗಭದ್ರೆಯ ಇನ್ನೊಂದು ದಡದ ಸೀಮೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಕೇಂಬ್ರಿಡ್ಜ್‌ನಲ್ಲಿ, ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳನ್ನು ಅದೇ ಸೂತ್ರದಿಂದ ಹೋಲಿಸಿದರು. ಒಂದೇ ಅಳತೆ ಇರುವಾಗ ಆ ದೂರವೇ ಮೇಲೆ ಹೇಳಿದ ಭಾಗಾಕಾರ. ಜೇಕಬ್ ಕೊಹೆನ್ ಅವರ 1969ರ ಪುಸ್ತಕ ಅದನ್ನು ಮನೋವಿಜ್ಞಾನದಲ್ಲಿ ಪ್ರಚಾರಕ್ಕೆ ತಂದಿತು.

0.2 ಚಿಕ್ಕದು, 0.5 ಮಧ್ಯಮ, 0.8 ದೊಡ್ಡದು ಎಂದು ಕೊಹೆನ್ ಸೂಚಿಸಿದ್ದು ಬೇರೆ ಆಧಾರವಿಲ್ಲದಾಗಿನ ಅನುಕೂಲಕ್ಕಾಗಿ. ಅವನ್ನೇ ಶಾಸನದಂತೆ ಹಿಡಿದು ತೀರ್ಪು ಬರೆಯುವುದು ತಪ್ಪು. ಸಮತಟ್ಟಾದ, ಒಂದೇ ಹದದ ಪ್ರಯೋಗ ತಾಕುಗಳಲ್ಲಿ ಏರಿಳಿತ 40 ಕಿಲೋ ಮಾತ್ರ ಇದ್ದರೆ ಅದೇ 20 ಕಿಲೋ 0.5 ಎನಿಸಿಕೊಳ್ಳುತ್ತದೆ, ಮಳೆಯನ್ನೇ ನಂಬಿದ ಎರೆ ಹೊಲಗಳಲ್ಲಿ 0.2ಕ್ಕೆ ಇಳಿಯುತ್ತದೆ, ರೈತನ ಚೀಲಕ್ಕೆ ಬೀಳುವ ಕಾಳು ಮಾತ್ರ ಎರಡೂ ಕಡೆ ಅಷ್ಟೇ. ಆದ್ದರಿಂದ ವರದಿಗಳು ಗಾತ್ರದ ಜೊತೆಗೆ ಕಿಲೋ ಲೆಕ್ಕವನ್ನೂ, ನಿಜವಾದ ಅಂತರ ಯಾವ ಮಿತಿಗಳ ನಡುವೆ ಇರಬಹುದೆಂಬ ಅಂದಾಜನ್ನೂ ಕೊಡಬೇಕು. ಮೇಲಿನ 20 ಹೊಲಗಳ ಪ್ರಯೋಗದಲ್ಲಿ, ಶೇ 95ರ ವಿಶ್ವಾಸದ ಲೆಕ್ಕದಂತೆ, ಆ ಮಿತಿ 44 ಕಿಲೋ ನಷ್ಟದಿಂದ 84 ಕಿಲೋ ಲಾಭದವರೆಗೆ ಹರಡುತ್ತದೆ. 1,000 ಹೊಲಗಳಲ್ಲಿ ಅದು 11ರಿಂದ 29 ಕಿಲೋಗೆ ಕಿರಿದಾಗುತ್ತದೆ. ಹೊಸ ಬೀಜಕ್ಕೆ ತಗಲುವ ಹೆಚ್ಚಿನ ಖರ್ಚನ್ನು ಕನಿಷ್ಠ ಆ 11 ಕಿಲೋ ತುಂಬಿಕೊಡುವುದೇ ಎಂಬುದನ್ನು ಆಗ ರೈತ ತಾನೇ ಲೆಕ್ಕಹಾಕಬಲ್ಲ.