ಚುಕ್ಕೆಯ ಚಿತ್ರ, ರೇಖೆಯ ಚಿತ್ರ

ಭೂತಗನ್ನಡಿಯ ಕಿರಣಚಿತ್ರವನ್ನು ಬರೆಯದ ವಿದ್ಯಾರ್ಥಿಯಿಲ್ಲ. 10 ಸೆಂಟಿಮೀಟರ್ ಸಂಗಮದೂರವುಳ್ಳ ಪೀನಮಸೂರದಿಂದ 6 ಸೆಂಟಿಮೀಟರ್ ದೂರದಲ್ಲಿ ವಸ್ತುವನ್ನಿಟ್ಟರೆ, ಅದೇ ಬದಿಯಲ್ಲಿ 15 ಸೆಂಟಿಮೀಟರ್ ದೂರದಲ್ಲಿ ಎರಡೂವರೆ ಪಟ್ಟು ದೊಡ್ಡದಾದ ಮಿಥ್ಯಾಬಿಂಬವು ತೋರುತ್ತದೆ. ಅಲ್ಲಿ ಕಿರಣಗಳು ನಿಜವಾಗಿ ಕೂಡುವುದಿಲ್ಲ. ಕೂಡಿದಂತೆ ಕಣ್ಣಿಗೆ ಭಾಸವಾಗುತ್ತದೆ, ಅಷ್ಟೆ. ಆದುದರಿಂದಲೇ ಹಿಂದಕ್ಕೆ ಚಾಚಿದ ರೇಖೆಗಳನ್ನು ತುಂಡುಗೆರೆಗಳಾಗಿ ಬರೆಯುವುದು ಪದ್ಧತಿ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ವಿದ್ಯಾರ್ಥಿಗಳಿಗೆಂದು ನಾನೊಮ್ಮೆ ಸಿದ್ಧಪಡಿಸಿದ ಕಿರುಹೊತ್ತಗೆಯಲ್ಲಿ ಈ ಚಿತ್ರವನ್ನು ಗಣಕಯಂತ್ರದಲ್ಲಿಯೇ ರಚಿಸಿ ಅಚ್ಚಿಗೆ ಕೊಟ್ಟಿದ್ದೆನು. ಹೊತ್ತಗೆ ಹಂಚಿದ ಮರುದಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಕಿರಣಗಳು ಅಲ್ಲಿ ಕೂಡುವುದಾದರೆ ಪರದೆಯ ಮೇಲೆ ಬಿಂಬವೇಕೆ ಮೂಡುವುದಿಲ್ಲ?” ಎಂದು ಕೇಳಿದಳು. ಪುಟ ತೆರೆದು ನೋಡಿದೆನು. ತುಂಡುಗೆರೆಗಳೆಲ್ಲ ಬೆಸೆದು ಅಖಂಡ ರೇಖೆಗಳಾಗಿದ್ದವು. ಮಿಥ್ಯಾಬಿಂಬವು ಸತ್ಯಬಿಂಬವಾಗಿ ಅಚ್ಚಾಗಿತ್ತು! ತಪ್ಪು ಮುದ್ರಕರದಲ್ಲ, ನನ್ನದೇ.

ಇದು ಹೇಗಾಯಿತೆಂಬುದನ್ನು ವಿಚಾರಿಸೋಣ. ಗಣಕಯಂತ್ರವು ಚಿತ್ರವನ್ನು ಎರಡು ಬಗೆಯಾಗಿ ನೆನಪಿಡಬಲ್ಲದು. ಮೊದಲನೆಯದು ಚುಕ್ಕೆಗಳ ಕ್ರಮ: ಚೌಕುಳಿ ಕಾಗದದ ಒಂದೊಂದು ಮನೆಗೂ ಒಂದೊಂದು ಬಣ್ಣ ತುಂಬಿದಂತೆ. ಎರಡನೆಯದು ರೇಖೆಗಳ ಕ್ರಮ: ಇಲ್ಲಿ ಚಿತ್ರವಿರುವುದಿಲ್ಲ, ಚಿತ್ರ ಬರೆಯುವ ವಿಧಿಯಿರುತ್ತದೆ. 4 ಅಂಗುಲ ವ್ಯಾಸದ ವೃತ್ತವನ್ನು ಅಂಗುಲಕ್ಕೆ 300ರಂತೆ ಚುಕ್ಕೆಗಳಲ್ಲಿ ಹಿಡಿಯಲು 14,40,000 ಮನೆಗಳು ಬೇಕು. ರೇಖೆಯ ಕ್ರಮದಲ್ಲಿ ಅದರ ಆಕಾರಕ್ಕೆ ಕೇಂದ್ರದ ಎರಡು ನಿರ್ದೇಶಾಂಕಗಳೂ ತ್ರಿಜ್ಯವೂ ಸಾಕು. ಎಷ್ಟು ಹಿಗ್ಗಿಸಿದರೂ ಯಂತ್ರವು ವಿಧಿಯಂತೆ ಹೊಸದಾಗಿ ಬರೆಯುವುದರಿಂದ ಅಂಚು ಒಡೆಯುವುದಿಲ್ಲ.

ನನ್ನ ಚಿತ್ರದ ಅಗಲ 400 ಚುಕ್ಕೆಗಳು ಮಾತ್ರ. ಅದನ್ನು 5 ಅಂಗುಲಕ್ಕೆ ಹಿಗ್ಗಿಸಿದಾಗ ಅಂಗುಲಕ್ಕೆ 80 ಚುಕ್ಕೆಗಳಾದವು. ತುಂಡುಗಳ ನಡುವಣ ಅರ್ಧ ಮಿಲಿಮೀಟರ್ ತೆರಪಿಗೆ ಎರಡು ಚುಕ್ಕೆಗಳೂ ದೊರೆಯಲಿಲ್ಲ. ಅಂಗುಲಕ್ಕೆ 300 ಇದ್ದಿದ್ದರೆ ಸುಮಾರು ಆರು ದೊರೆಯುತ್ತಿದ್ದವು. ಸಾಲದುದಕ್ಕೆ ಚಿತ್ರವನ್ನು ಜೆಪೆಗ್ ಕಡತವಾಗಿ ಉಳಿಸಿದ್ದೆನು. ಆ ಕ್ರಮವು ಗಾತ್ರ ತಗ್ಗಿಸಲು ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಚೂಪಾದ ಗೆರೆಗಳ ಸುತ್ತ ಮಸಿ ಹರಡಿದಂತಾಗುತ್ತದೆ.

ಹಾಗೆಂದು ಜೆಪೆಗ್ ನಿರುಪಯೋಗಿಯೆಂದು ತಿಳಿಯಬಾರದು. ಸವಣೂರಿನ ದೊಡ್ಡಹುಣಸೆ ಮರದ ಛಾಯಾಚಿತ್ರಕ್ಕೆ ಅದೇ ತಕ್ಕುದು. ತೊಗಟೆಯ ನೆರಳು ಬೆಳಕುಗಳಿಗೆ ಸರಳವಾದ ವಿಧಿಯಿಲ್ಲ. ಆದರೆ ಹಾನಗಲ್ಲಿನ ತಾರಕೇಶ್ವರ ದೇವಾಲಯದ ಛತ್ತಿನ ಕಮಲವನ್ನು ನಕ್ಷೆಯಾಗಿ ಬರೆಯುವುದಾದರೆ ರೇಖೆಯ ಕ್ರಮವೇ ಸರಿ. ಒಂದು ಎಸಳನ್ನು ಬರೆದು ಕೇಂದ್ರದ ಸುತ್ತ ತಿರುಗಿಸುತ್ತ ಹೋದರಾಯಿತು.

ರೇಖಾಚಿತ್ರಗಳನ್ನು ಮುದ್ರಣಕ್ಕೆ ಒಯ್ಯಲು ಹಲವು ರೂಪಗಳಿವೆ. ಅಡೋಬಿ ಸಂಸ್ಥೆಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆ 1984ರಲ್ಲಿಯೂ, ಪಿಡಿಎಫ್ 1993ರಲ್ಲಿಯೂ ಬಂದವು. ಎಸ್‌ವಿಜಿ ರೂಪವು 2001ರಲ್ಲಿ ಪ್ರಮಾಣಿತವಾಯಿತು. ಉಚಿತವಾಗಿ ದೊರೆಯುವ ಇಂಕ್‌ಸ್ಕೇಪ್ ತಂತ್ರಾಂಶವು ಚಿತ್ರವನ್ನು ಎಸ್‌ವಿಜಿಯಾಗಿ ಉಳಿಸಿ, ಬೇಕಾದಾಗ ಪಿಡಿಎಫ್‌ಗೆ ಪರಿವರ್ತಿಸಿ ಕೊಡುತ್ತದೆ. ಚುಕ್ಕೆಯ ರೂಪವೇ ಬೇಕೆಂದು ಮುದ್ರಕರು ಕೇಳಿದರೆ, ಅಚ್ಚಾಗುವ ಅಳತೆಯನ್ನು ಮೊದಲು ತಿಳಿದು, ರೇಖೆಯಿಂದ ನೇರವಾಗಿ ಪಿಎನ್‌ಜಿ ಮಾಡತಕ್ಕದ್ದು. ಆ ರೂಪವು ಒಂದು ಚುಕ್ಕೆಯನ್ನೂ ಕಳೆಯುವುದಿಲ್ಲ. ಆದರೆ ಒಮ್ಮೆ ಕಳೆದುಹೋದ ವಿವರವನ್ನು ಯಾವ ಪರಿವರ್ತನೆಯೂ ಮರಳಿ ತರಲಾರದು. ಆದುದರಿಂದ ರೇಖೆಯಿಂದ ಚುಕ್ಕೆಗೆ ಇಳಿಯುವುದು ಕೊನೆಯ ಹೆಜ್ಜೆಯಾಗಿರಬೇಕು.

ಕನ್ನಡಿಗರಿಗೆ ಇನ್ನೊಂದು ಎಚ್ಚರ ಅವಶ್ಯಕ. ಚಿತ್ರದಲ್ಲಿ ‘ಅಕ್ಷ’ ಎಂದು ಬರೆದೆವೆನ್ನಿ. ಯೂನಿಕೋಡ್ ಪದ್ಧತಿಯಲ್ಲಿ ‘ಕ್ಷ’ ಎಂಬುದು ಕಕಾರ, ಹಲಂತಚಿಹ್ನೆ, ಷಕಾರ ಎಂಬ 3 ಸಂಕೇತಗಳ ಸಾಲು. ಅವನ್ನು ಕೂಡಿಸಿ ಒತ್ತಕ್ಷರವಾಗಿಸುವುದು ತಂತ್ರಾಂಶ ಮತ್ತು ಅಕ್ಷರಶೈಲಿಗಳ ಕೆಲಸ. ಮುದ್ರಕರ ಯಂತ್ರದಲ್ಲಿ ಆ ಏರ್ಪಾಡು ಇಲ್ಲವಾದರೆ ಒತ್ತು ಬೇರೆಯಾಗಿ ‘ಅಕ್‌ಷ’ ಎಂದಾದೀತು, ಇಲ್ಲವೆ ಬರಿಯ ಚೌಕಗಳು ಮೂಡಿಯಾವು. ಪಿಡಿಎಫ್ ಮಾಡುವಾಗ ಅಕ್ಷರಶೈಲಿಯನ್ನು ಕಡತದೊಳಗೇ ಅಡಕಗೊಳಿಸಬೇಕು. ಅಥವಾ ಅಕ್ಷರಗಳನ್ನೇ ರೇಖೆಗಳಾಗಿ ಮಾರ್ಪಡಿಸಬೇಕು. ಹೀಗೆ ಮಾರ್ಪಟ್ಟ ಅಕ್ಷರವನ್ನು ಮತ್ತೆ ತಿದ್ದಲಾಗದು. ಮೂಲಕಡತವನ್ನು ಬೇರೆಯಾಗಿ ಕಾದಿಡಿರಿ.

ಎರಡನೆಯ ಮುದ್ರಣದಲ್ಲಿ ನನ್ನ ತುಂಡುಗೆರೆಗಳು ತುಂಡುಗೆರೆಗಳಾಗಿಯೇ ಬಂದವು. ನೀವೂ ಚಿತ್ರವನ್ನು ಅಚ್ಚಿಗೆ ಕೊಡುವ ಮೊದಲು, ಪರಿವರ್ತಿಸಿದ ಕಡತವನ್ನೇ ತೆರೆದು ಎಂಟು ಪಟ್ಟು ಹಿಗ್ಗಿಸಿ ನೋಡಿರಿ. ಗೆರೆಗಳ ನಡುವಣ ತೆರಪು ಅಲ್ಲಿ ಉಳಿದಿದೆಯೇ? ಒತ್ತಕ್ಷರಗಳು ಸ್ವಸ್ಥಾನದಲ್ಲಿವೆಯೇ? ಈ ಪರೀಕ್ಷೆಗೆ ಎರಡು ನಿಮಿಷ ಸಾಕು.