ಅಗ್ಗದ ಗ್ರೈಂಡರ್: ರಿಪೇರಿಯೋ, ಹೊಸತೋ?

ನಮ್ಮೂರಿನ ಕುಲುಮೆಯ ಬೆಂಕಿ ಆರಿ ಹತ್ತು ವರ್ಷ ದಾಟಿತು. ಆಚಾರ್ರಿಗೆ ವಯಸ್ಸಾಯಿತು, ಮಗ ಮಂಗಳೂರಿಗೆ ವೆಲ್ಡಿಂಗ್ ಕೆಲಸಕ್ಕೆ ಹೋದ. ಮೊದಲಾದರೆ ಮಳೆಗಾಲಕ್ಕೆ ಮುಂಚೆ ಕತ್ತಿ, ಹಾರೆ, ಪಿಕ್ಕಾಸು ಎಲ್ಲ ಒಟ್ಟು ಮಾಡಿ ಅವರಲ್ಲಿ ಕೊಟ್ಟರೆ ಮುಗಿಯಿತು. ಈಗ ಕತ್ತಿ ಮೊಂಡಾದರೆ ಪೇಟೆಗೇ ಹೋಗಬೇಕು. ಅದರ ಮೇಲೆ ಹುಲ್ಲು ಸವರುವ ಯಂತ್ರ ಬೇರೆ ಬಂತು. ನಮ್ಮ ತೋಟದಲ್ಲಿ ಅದರ ಬ್ಲೇಡು ಕಲ್ಲಿಗೆ ತಾಗದ ದಿನವೇ ಇಲ್ಲ.

ಹಾಗಾಗಿ 2019ರಲ್ಲಿ ಒಂದು ಬೆಂಚ್ ಗ್ರೈಂಡರ್ ತಂದೆ. ಆರಿಂಚಿನ ಎರಡು ಕಲ್ಲು, 2,100 ರೂಪಾಯಿ. ಪಕ್ಕದಲ್ಲೇ 6,500 ರೂಪಾಯಿಯದ್ದೂ ಇತ್ತು. ಎತ್ತಿ ನೋಡಿದೆ, ತೂಕ ಹೆಚ್ಚುಕಡಿಮೆ ದುಪ್ಪಟ್ಟು. ಕತ್ತಿ ಹರಿತ ಮಾಡುವುದಕ್ಕೆ ಇಷ್ಟೆಲ್ಲ ಯಾಕೆ ಅಂತ ಅಗ್ಗದ್ದನ್ನೇ ಹೊತ್ತು ತಂದೆ. ಭಾರ ಕಡಿಮೆ ಅನ್ನುವುದು ಆಗ ನನಗೆ ಒಂದು ಗುಣವಾಗಿಯೇ ಕಂಡಿತ್ತು!

ಸ್ವಿಚ್ ಹಾಕಿದ ಮೊದಲ ದಿನವೇ ಬೆಂಚು ಗಡಗಡ ನಡುಗಿತು. ಕಲ್ಲು ಅಡ್ಡಾದಿಡ್ಡಿ ತಿರುಗುವುದು ಕಣ್ಣಿಗೇ ಕಾಣುತ್ತಿತ್ತು. ಕತ್ತಿ ಹಿಡಿದರೆ ಕುಪ್ಪಳಿಸುತ್ತದೆ. ಒತ್ತಿ ಹಿಡಿದರೆ ಬಾಯಿ ನೀಲಿಯಾಗುತ್ತದೆ. ಉಕ್ಕು ನೀಲಿ ತಿರುಗಿತು ಅಂದರೆ ಸುಮಾರು 300 ಡಿಗ್ರಿಗೆ ಕಾದಿದೆ ಎಂದರ್ಥ. ಅಷ್ಟಕ್ಕೆ ಆಚಾರ್ರು ಕೊಟ್ಟ ಹದ ಹೋಯಿತು. ಆಮೇಲೆ ಎಷ್ಟು ಮಸೆದರೂ ಆ ಜಾಗ ಅರ್ಧ ಗಂಟೆಯಲ್ಲಿ ಮೊಂಡು. ತಂದೆಯ ಕಾಲದ ಒಂದು ಕತ್ತಿಯನ್ನು ನಾನು ಹೀಗೆಯೇ ಹಾಳು ಮಾಡಿದೆ.

ಹಾಗೂ ಹೀಗೂ ಒಂದು ವರ್ಷ ನಡೆಯಿತು. 2020ರ ಸೆಪ್ಟೆಂಬರಿನಲ್ಲಿ ಕೆಲಸದವರೊಬ್ಬರು ದೋಟಿಯ ಅಲ್ಯುಮಿನಿಯಂ ಕೊಳವೆಯ ತುದಿಯನ್ನು ಆ ಕಲ್ಲಿಗೆ ಹಿಡಿದಿದ್ದರು. ಅಲ್ಯುಮಿನಿಯಂ ಮೆತ್ತಗಿನ ಲೋಹ, ಕಲ್ಲಿನ ಕಣಗಳ ನಡುವೆ ಮೆತ್ತಿಕೊಳ್ಳುತ್ತದೆ. ಮತ್ತೆ ಕಲ್ಲು ಕೊರೆಯುವುದಿಲ್ಲ, ಬರೀ ಉಜ್ಜಿ ಬಿಸಿಯಾಗುತ್ತದೆ. ಮರುದಿನ ನಾನು ಗೊತ್ತಿಲ್ಲದೆ ಯಂತ್ರದ ಬ್ಲೇಡು ಹಿಡಿದೆ. ಬ್ಲೇಡು ಇಡುವ ತಗಡಿನ ರೆಸ್ಟಿಗೂ ಕಲ್ಲಿಗೂ ಮಧ್ಯೆ ಅರ್ಧ ಇಂಚು ಸಂದು. ಬ್ಲೇಡು ಅದರೊಳಗೆ ಸಿಕ್ಕಿತು, ಕಲ್ಲು ಮೂರು ತುಂಡು. ಒಂದು ತುಂಡು ಮಾಡಿನ ಹಂಚು ಒಡೆದು ಹೊರಗೆ ಹೋಯಿತು. ನಾನು ಅರ್ಧ ಹೆಜ್ಜೆ ಬದಿಗೆ ನಿಂತಿದ್ದೆ, ಅಷ್ಟೆ. ಅರ್ಧ ಗಂಟೆ ಕೈ ನಡುಗುವುದು ನಿಲ್ಲಲಿಲ್ಲ.

‘ಅದನ್ನು ಗುಜರಿಗೆ ಹಾಕಿ ಭಾವಾ, ಒಳ್ಳೆಯದೊಂದು ತನ್ನಿ’ ಎಂದರು ಭಾವ. ಆ ವರ್ಷ ಕೊಳೆರೋಗದಲ್ಲಿ ಫಸಲು ಹೋಗಿತ್ತು, 6,500 ಕೊಡುವ ಹಾಗಿರಲಿಲ್ಲ. ಪೇಟೆಯ ಲೇತಿನ ಅಂಗಡಿಯವರಲ್ಲಿ ಕೇಳಿದೆ. ಅವರು ಒಂದೇ ಮಾತು ಹೇಳಿದರು: ‘ಎರಡೂ ಕಲ್ಲು ಬಿಚ್ಚಿ ಬರೀ ಮೋಟರು ಓಡಿಸಿ ನೋಡಿ ಮಾರಾಯ್ರೇ. ಆಗಲೂ ನಡುಗಿದರೆ ನನ್ನಲ್ಲಿಗೆ ತರಬೇಡಿ.’

ಬೆಲೆಬಾಳುವ ಮಾತು ಅದು. ಬರೀ ಮೋಟರೇ ನಡುಗಿದರೆ ಶಾಫ್ಟು ಬಾಗಿದೆ ಅಥವಾ ಬೇರಿಂಗು ಹೋಗಿದೆ ಎಂದರ್ಥ. ಬೇರಿಂಗು ಬದಲಿಸಬಹುದು, ಶಾಫ್ಟಿಗೆ ದುಡ್ಡು ಸುರಿಯುವುದು ದಂಡ. ಬಿಚ್ಚುವಾಗ ಒಂದು ಎಚ್ಚರ: ಎಡಬದಿಯ ನಟ್ಟು ಉಲ್ಟಾ ಥ್ರೆಡ್ಡಿನದ್ದು. ಗೊತ್ತಿಲ್ಲದೆ ನಾನು ಬಿಗಿ ಮಾಡಿಯೇ ಮಾಡಿದೆ. ಪ್ಲಗ್ ತೆಗೆದು, ಶಾಫ್ಟಿನ ಹತ್ತಿರ ಒಂದು ಮೊಳೆ ಹಿಡಿದು, ಕೈಯಿಂದ ತಿರುಗಿಸಿ ನೋಡಿದೆ. ಸಂದು ಸುತ್ತಲೂ ಒಂದೇ ಸಮ. ಓಡಿಸಿದರೆ ಶಬ್ದವೇ ಇಲ್ಲ. ಹಾಗಾದರೆ ತಪ್ಪು ಮೋಟರಿನದ್ದಲ್ಲ, ಕಲ್ಲನ್ನು ಅಮುಕುವ ಫ್ಲ್ಯಾಂಜಿನದ್ದು. ತೆಳು ತಗಡನ್ನು ಒತ್ತಿ ಮಾಡಿದ್ದು, ಒಂದು ಬದಿ ತಗ್ಗು, ಒಂದು ಬದಿ ಉಬ್ಬು.

ಲೇತಿನವರು ಕಬ್ಬಿಣದಲ್ಲಿ ನಾಲ್ಕು ಫ್ಲ್ಯಾಂಜು ಕಡೆದು ಕೊಟ್ಟರು. ಅಗಲ ಕಲ್ಲಿನ ಮೂರನೇ ಒಂದು ಪಾಲಿಗಿಂತ ಕಡಿಮೆ ಇರಬಾರದು, ಅಂದರೆ ಆರಿಂಚಿನ ಕಲ್ಲಿಗೆ ಎರಡು ಇಂಚು. ಎರಡೂ ಬದಿಯದ್ದು ಒಂದೇ ಅಳತೆ. ನಡುವೆ ಸ್ವಲ್ಪ ಗುಳಿ ಇರಬೇಕು, ಆಗ ಅಂಚು ಮಾತ್ರ ಕಲ್ಲನ್ನು ಅಮುಕುತ್ತದೆ. ಕಲ್ಲಿನ ಎರಡೂ ಮುಖಕ್ಕೆ ಅಂಟಿಸಿರುವ ಕಾಗದವನ್ನು ಕೀಳಬಾರದು, ಅದು ಬರೀ ಲೇಬಲ್ಲಲ್ಲ, ಮೆತ್ತೆ. ಫ್ಲ್ಯಾಂಜಿಗೆ 600, ದೊರಗು 36 ಮತ್ತು ನುಣುಪು 60 ನಂಬರಿನ ಎರಡು ಒಳ್ಳೆಯ ಕಲ್ಲಿಗೆ 700, ದಪ್ಪ ಪಟ್ಟಿಯ ರೆಸ್ಟು ವೆಲ್ಡಿಂಗ್ ಮಾಡಿಸಲು 250, ಕಲ್ಲಿನ ಮುಖ ಸಮ ಮಾಡುವ ಡ್ರೆಸ್ಸರಿಗೆ 200. ಒಟ್ಟು 1,750.

ಹೊಸ ಕಲ್ಲು ಹಾಕುವ ಮೊದಲು ಬೆರಳಲ್ಲಿ ತೂಗುಹಾಕಿ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲ ತಟ್ಟಿ. ಟಣ್ ಅಂದರೆ ಸರಿ. ಡಬ್ ಅಂದರೆ ಒಳಗೆ ಬಿರುಕಿದೆ, ಅಂಗಡಿಗೆ ವಾಪಾಸು. ರೆಸ್ಟಿನ ಸಂದು 3 ಮಿಲಿಮೀಟರು ದಾಟಬಾರದು. ಕಲ್ಲು ಸವೆದ ಹಾಗೆ ರೆಸ್ಟನ್ನು ಮುಂದೆ ಸರಿಸುತ್ತ ಬರಬೇಕು. ಚಾಲೂ ಮಾಡಿ ಒಂದು ನಿಮಿಷ ಬದಿಯಲ್ಲಿ ನಿಲ್ಲಿ. ಪಕ್ಕದಲ್ಲಿ ಬಾಲ್ದಿ ನೀರು, ಕಣ್ಣಿಗೆ ಕನ್ನಡಕ. ಹಲ್ಲಿಗೆ ಕಾರ್ಬೈಡ್ ತುಂಡು ಬೆಸೆದ ಬ್ಲೇಡು ಈ ಬೂದು ಕಲ್ಲಿಗೆ ಬಗ್ಗುವುದಿಲ್ಲ, ಅದಕ್ಕೆ ಹಸಿರು ಕಲ್ಲೇ ಬೇಕು.

ಅದೇ ಯಂತ್ರ ಮತ್ತೆ ಮೂರು ವರ್ಷ ಚೆನ್ನಾಗಿ ಓಡಿತು. ಬೆಂಚಿನ ಮೇಲೆ ಲೋಟದಲ್ಲಿ ನೀರಿಟ್ಟರೆ ಚೆಲ್ಲುತ್ತಿರಲಿಲ್ಲ.

ಸೋತದ್ದು ಎಲ್ಲಿ?

ಹರಿತ ಚೆನ್ನಾಗಿ ಆಗುತ್ತದೆ ಅಂತ ಗೊತ್ತಾದ ಮೇಲೆ ಸುತ್ತಿನ ಐದಾರು ಮನೆಯ ಬ್ಲೇಡುಗಳೂ ನಮ್ಮಲ್ಲಿಗೆ ಬರತೊಡಗಿದವು. ಬೇಡ ಅನ್ನುವುದು ಹೇಗೆ? ಅಗ್ಗದ ಮೋಟರಿನ ಬಿಲ್ಲೆಯಲ್ಲಿ 30 ನಿಮಿಷ ಅಂತ ಬರೆದಿತ್ತು. ಅಷ್ಟು ಹೊತ್ತು ಓಡಿಸಿ ತಣಿಯಲು ಬಿಡಬೇಕು ಎಂದರ್ಥ, ನಾನು ಓದಿರಲಿಲ್ಲ. ನಮ್ಮಲ್ಲಿ ಬೇಸಿಗೆಯಲ್ಲಿ ಪಂಪುಗಳೆಲ್ಲ ಚಾಲೂ ಆದರೆ ವೋಲ್ಟೇಜು 170ಕ್ಕೆ ಇಳಿಯುವುದುಂಟು. 230 ಇರಬೇಕಾದಲ್ಲಿ 170 ಆದರೆ ಮೋಟರಿನ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಬಿಸಿ ಏರುತ್ತದೆ. 2023ರ ಮೇಯಲ್ಲಿ ಹೊಗೆ ಬಂತು. ವೈಂಡಿಂಗ್ ಅಂಗಡಿಯವರು ಬಿಚ್ಚಿ ತೋರಿಸಿದರು: ಒಳಗೆ ಅಲ್ಯುಮಿನಿಯಂ ತಂತಿ. ತಾಮ್ರದಲ್ಲಿ ಸುತ್ತಲು 1,800 ಕೇಳಿದರು. ಅಲ್ಲಿಗೆ ನಿಲ್ಲಿಸಿದೆ. ಮೊದಲೇ ಬಿಟ್ಟುಬಂದಿದ್ದ ಆ ಭಾರದ ಜಾತಿಯದ್ದನ್ನೇ 7,200ಕ್ಕೆ ತಂದೆ.

ಈಗ ಕೇಳುವವರಿಗೆ ನಾನು ಹೇಳುವುದು ಇಷ್ಟು. ಎರಡೆಕರೆ ತೋಟ, ಸ್ವಂತದ್ದೇ ನಾಲ್ಕು ಕತ್ತಿ, ಒಂದು ಯಂತ್ರ ಅಂತಾದರೆ ಅಗ್ಗದ್ದನ್ನೇ ತನ್ನಿ, ಅಂಗಡಿಯಲ್ಲೇ ಕಲ್ಲು ಬಿಚ್ಚಿಸಿ ಬರೀ ಮೋಟರು ಓಡಿಸಿ ನೋಡಿ. ಫ್ಲ್ಯಾಂಜಿಗೂ ಕಲ್ಲಿಗೂ ಖರ್ಚು ಮಾಡಿದರೆ ನಷ್ಟವಿಲ್ಲ. ವೈಂಡಿಂಗು, ಶಾಫ್ಟಿಗೆ ಕೈ ಹಾಕಬೇಡಿ. ನಾಲ್ಕು ಮನೆಯ ಕೆಲಸ ಬರುವ ಅಂದಾಜಿದ್ದರೆ ಮೊದಲೇ ಭಾರದ್ದು. ಯಾವುದೇ ಯಂತ್ರವಾದರೂ ವೋಲ್ಟೇಜು ಇಲ್ಲದ ಹೊತ್ತಿನಲ್ಲಿ ಓಡಿಸಬೇಡಿ. ನಾನು ಈಗ ಬೆಳಗ್ಗೆ ಆರೂವರೆಗೆ ಹರಿತ ಮುಗಿಸುತ್ತೇನೆ.

ಲೇತಿನಲ್ಲಿ ಕಡೆಸಿದ ಫ್ಲ್ಯಾಂಜುಗಳು ಹೊಸದಕ್ಕೂ ಸರಿ ಹೊಂದಿದವು. ಹಂಚು ಮಾತ್ರ ಇನ್ನೂ ಬದಲಿಸಿಲ್ಲ. ಆ ತೂತಿನಿಂದ ಬರುವ ಬೆಳಕು ಸರಿಯಾಗಿ ಗ್ರೈಂಡರಿನ ಮೇಲೆ ಬೀಳುತ್ತದೆ, ಕೆಲಸದವರು ಅದನ್ನು ನೋಡಿಯೇ ಕನ್ನಡಕ ಹುಡುಕುತ್ತಾರೆ.